ಬಚ್ಚಲೊಲೆಯ ಗಾರ್ಲಿಕ್ ಬ್ರೆಡ್ ಕುರಿತು ಹೊಟ್ಟೆಯೊಳಗಿನವರಿಗೆ ಒಂದು ದೂರು

ಇವರಿಗೆ,
ನಮ್ಮ ಸೊಸೆ ಜೀವಿತಾಳ ಹೊಟ್ಟೆಯಲ್ಲಿ ಸದ್ಯ ಬಿಡಾರ ಹೂಡಿರುವವರು,
ಕೊಬ್ಬರಿ ಮಂಡಿ ತೋಂಟದಾರ್ಯನವರ ಮನೆ,
ತಿಪಟೂರು.

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ತಮ್ಮ ಅಪ್ಪನನ್ನು ಹೆತ್ತ ಗಿರಿಜಾಂಬಿಕಾ ಎಂಬುವಳು ಮಾಡುವ ಶರಣು ಶರಣಾರ್ಥಿಗಳು. ತಾವು ಒಳಗೆ ಬೆಚ್ಚಗೆ ಕೈಕಾಲು ಮಡಚಿಕೊಂಡು, ಕರೆಂಟು ಹೋಗುವ, ನಲ್ಲಿ ನಿಲ್ಲುವ ಯಾವ ತಾಪತ್ರಯವೂ ಇಲ್ಲದೆ ಸುಖವಾಗಿದ್ದೀರೆಂದು ಸ್ಕ್ಯಾನಿಂಗಿನವರು ತಿಳಿಸಿದ್ದಾರೆ. ಕೇಳಿ ಬಹಳ ಸಂತೋಷವಾಯಿತು. ಹೊರಗೆ ನಾವು ಹೇಗಿದ್ದೇವೆಂದು ತಮಗೆ ತೋರಿಸುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಾದ್ದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ.

‘ಮಾನ್ಯರೇ’ ಎಂದು ಕರೆದದ್ದಕ್ಕೆ ಕಾರಣವಿದೆ. ತಾವು ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧವೆಂದು ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಬಹಳ ಒಳ್ಳೆಯ ಕಾನೂನು. ಯಾರಾದರೇನು, ಮನೆಮಂದಿಯನ್ನು ಕುಣಿಸುವುದರಲ್ಲಿ ಇಬ್ಬರೂ ಸರಿಸಮಾನರೆಂಬುದು ನನ್ನ ಅನುಭವ. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ: ತಾವಿರುವಲ್ಲಿಗೆ ಅಂಚೆಯವರು ಹೋಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಬರಬರುತ್ತ ಹೊರಗಿನ ಮಾತು ಕೇಳಿಸುತ್ತದೆಂದು ಡಾಕ್ಟರಮ್ಮ ಹೇಳಿದ್ದಾರಾಗಿ, ಬರೆದು ಮುಗಿದ ಮೇಲೆ ಇದನ್ನು ನಡುಮನೆಯಲ್ಲಿ ತಮ್ಮ ತಾಯಿಯ ಮುಂದೆ ಕೂತು ಗಟ್ಟಿಯಾಗಿ ಓದುವುದೆಂದು ತೀರ್ಮಾನಿಸಿದ್ದೇನೆ. ಮನೆಯ ಉಳಿದವರ ಕಿವಿಗೂ ಬಿದ್ದರೆ ಬೀಳಲಿ, ಅವರ ಮೇಲೂ ಹೇಳುವುದಿದೆ. ನಮ್ಮ ಬೀದಿಯ ಚರಂಡಿ, ದೀಪ, ನಾಯಿಕಾಟ ಎಲ್ಲಕ್ಕೂ ಅರ್ಜಿ ಬರೆದುಕೊಡುವವಳು ನಾನೇ ಆದ್ದರಿಂದ ದೂರು ಬರೆಯುವ ಕ್ರಮ ನನಗೆ ಗೊತ್ತು. ಮೊದಲು ಹೊಗಳಬೇಕು, ಆಮೇಲೆ ಬೈಯಬೇಕು.

ಅದರಂತೆ ಮೊದಲು ಹೊಗಳಿಕೆ. ತಮ್ಮ ಆಡಳಿತದ ವೈಖರಿಯನ್ನು ಕಂಡು ನಾನು ಬೆರಗಾಗಿದ್ದೇನೆ. ನಿಂಬೆಹಣ್ಣಿನ ಗಾತ್ರವಿದ್ದಾಗಲೇ ತಾವು ಈ ಮನೆಯ ಅಡುಗೆಮನೆಯನ್ನು ವಶಪಡಿಸಿಕೊಂಡಿರಿ. ಸಾಸಿವೆ ಸಿಡಿಯಕೂಡದು, ಹುರುಳಿ ಬಸ್ಸಾರು ಕುದಿಯಕೂಡದು, ಅನ್ನ ಬೇಯುವ ವಾಸನೆ ಜೀವಿತಾಳ ಕೋಣೆಯ ಹೊಸ್ತಿಲು ದಾಟಕೂಡದು. ಯಾರ ಮಾತಿಗೂ ಜಗ್ಗದ ತಮ್ಮ ತಾತ ತೋಂಟದಾರ್ಯನವರು, ಹುಟ್ಟಿದಾಗಿನಿಂದ ಕೊಬ್ಬರಿ ರಾಶಿಯ ಮೇಲೇ ಹೊರಳಿದವರು, ಈಗ ಮಂಡಿಯಿಂದ ಬಂದರೆ ಬಾಗಿಲಲ್ಲೇ ನಿಂತು, “ಒಳಕ್ಕೆ ಬರಬೌದೇನೇ? ಮೈಯೆಲ್ಲ ಕೊಬ್ಬರಿ ವಾಸ್ನೆ ಐತೆ,” ಎಂದು ಅಪ್ಪಣೆ ಕೇಳುತ್ತಾರೆ. ಕಾಲು ತೊಳೆದು ಒಳಗೆ ಬನ್ನಿ ಎಂದು ಮದುವೆಯಾದ ಲಾಗಾಯ್ತಿನಿಂದ ಹೇಳಿ ಸೋತವಳು ನಾನು. ಕಣ್ಣು ಬಿಡುವ ಮೊದಲೇ ತಾವು ಅವರಿಂದ ಬರೀ ಕಾಲು ತೊಳೆಸಿದ್ದಲ್ಲ, ತಲೆಸ್ನಾನವನ್ನೇ ಮಾಡಿಸಿದಿರಿ. ಇಂಥ ದಕ್ಷ ಅಧಿಕಾರಿಗಳು ನಮ್ಮ ತಾಲೂಕಿಗೆ ಇನ್ನೂ ನಾಲ್ಕಾರು ಜನ ಬರಲೆಂದು ಹಾರೈಸುತ್ತೇನೆ.

ಹೊಗಳಿಕೆ ಮುಗಿಯಿತು.

ತಮ್ಮ ತಾಯಿ ಜೀವಿತಾ ತುರುವೇಕೆರೆ ಕಡೆಯ ಹುಡುಗಿ. ಹೋದ ವರ್ಷ ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಬೇಡ ಎಂದದ್ದೂ ಇಲ್ಲ, ಬೇಕು ಎಂದದ್ದೂ ಇಲ್ಲ. ಮುದ್ದೆ ಬಡಿಸಿದರೆ ಮುದ್ದೆ, ರೊಟ್ಟಿ ಕೊಟ್ಟರೆ ರೊಟ್ಟಿ. “ಸಾಕು ಅತ್ತೆ” ಎಂಬ ಮಾತೊಂದನ್ನು ಬಿಟ್ಟರೆ ತಟ್ಟೆಯ ಮುಂದೆ ಅವಳ ಬಾಯಿಂದ ಬೇರೆ ಮಾತು ಕೇಳಿದವಳಲ್ಲ ನಾನು. ನೆಂಟರೆಲ್ಲ ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕೆಂದರು. ನನಗೆ ಮಾತ್ರ ಮನೆಗೆ ಬಂದ ಅತಿಥಿಗೆ ಬಡಿಸಿದ ಹಾಗೇ ಇರುತ್ತಿತ್ತು. ಅಂಥವಳ ಹೊಟ್ಟೆಗೆ ತಾವು ದಯಮಾಡಿಸಿದಿರಿ. ಅಂದಿನಿಂದ ಅವಳು ತಿಂದದ್ದು ಯಾವುದೂ ಒಳಗೆ ನಿಲ್ಲಲಿಲ್ಲ. ಬೆಳಗಿನ ಕಾಫಿ ಹೋಯಿತು, ಗಂಜಿ ಹೋಯಿತು, ಎಳನೀರು ಹೋಯಿತು. ಮೂರು ತಿಂಗಳಿಗೆ ನಿಲ್ಲುತ್ತದೆಂದರು, ನಾಲ್ಕಕ್ಕೆ ಬಿದ್ದರೂ ನಿಲ್ಲಲಿಲ್ಲ. ಮದುವೆಯಲ್ಲಿ ಸೋಪು ಹಚ್ಚಿ ತೊಡಿಸಿದ ಬಳೆಗಳು ಕೈಯೆತ್ತಿದರೆ ಮೊಣಕೈಗೆ ಜಾರತೊಡಗಿದವು. ಡಾಕ್ಟರಮ್ಮ ತೂಕದ ಯಂತ್ರವನ್ನು ನೋಡಿ, ನನ್ನನ್ನು ನೋಡಿ, “ಏರಬೇಕಾದ ತೂಕ ಇಳೀತಾ ಇದೆ ಕಣಮ್ಮ, ಮುಂದಿನ ಸಲಾನೂ ಹಿಂಗೇ ಇದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕಬೇಕಾಗುತ್ತೆ,” ಎಂದರು. ನನಗೆ ಭಯವಾಯಿತು. ಭಯವನ್ನು ಹೊರಗೆ ತೋರಿಸುವ ಅಭ್ಯಾಸ ನನಗಿಲ್ಲದ ಕಾರಣ ಮನೆಗೆ ಬಂದು ಸಿಕ್ಕಸಿಕ್ಕವರ ಮೇಲೆಲ್ಲ ರೇಗಾಡಿದೆ.

ಆಗ ಪರಿಹಾರ ಸೂಚಿಸಿದವಳು ನಮ್ಮಲ್ಲಿಗೆ ಕಾಯಿ ಒಡೆಯಲು ಬರುವ ನಿಂಗಮ್ಮ. “ಬಯಕೆ ಏನೂಂತ ಕೇಳ್ರವ್ವ. ಅದು ತೀರ್ನಿಲ್ಲ ಅಂದ್ರೆ ಯಾವ್ದೂ ದಕ್ಕಾಕಿಲ್ಲ. ಹುಟ್ಟಿದ್ ಮಗೀಗೂ ಕಿವಿ ಸೋರ್ತದೆ,” ಎಂದಳು. ನಿಂಗಮ್ಮನ ಮೊದಲ ಬಸುರಿಗೆ ಗೋಡೆಯ ಸುಣ್ಣ, ಎರಡನೆಯದಕ್ಕೆ ಒಲೆಯ ಮಣ್ಣು ಬೇಕೆನಿಸಿತ್ತಂತೆ. ಎಂಥ ಸಂಭಾವಿತ ಮಕ್ಕಳು! ಕೈ ಚಾಚಿದರೆ ಸಿಗುವುದನ್ನೇ ಕೇಳಿದವು. ಬಯಕೆಯೆಂದರೆ ನಮ್ಮ ಕಡೆ ಮಾವಿನಕಾಯಿ, ನೆಲ್ಲಿಕಾಯಿ, ಹುಣಸೆಹಣ್ಣಿನ ಚಿಗಳಿ, ಹೆಚ್ಚೆಂದರೆ ಪಕ್ಕದ ಮನೆಯ ಮೀನಾಕ್ಷಮ್ಮನವರ ಉಪ್ಪಿನಕಾಯಿ. ಇಷ್ಟಕ್ಕೆಲ್ಲ ನಾನು ಸಿದ್ಧಳಾಗಿಯೇ ಇದ್ದೆ. ಆದ್ದರಿಂದ ಕೇಳಲು ಶುರುಮಾಡಿದೆ. ಕಾಫಿ ಹೊತ್ತಿಗೆ “ಏನ್ ತಿಂತೀಯವ್ವ?” ಎಂದು ಕೇಳಿದೆ. ಸ್ನಾನಕ್ಕೆ ಹೋಗುವಾಗ ಬಾಗಿಲ ಹೊರಗೆ ನಿಂತು ಕೇಳಿದೆ. ಜಡೆ ಹೆಣೆಯುವಾಗ ಕೇಳಿದೆ. ಮಧ್ಯಾಹ್ನ ಮಲಗಿದ್ದವಳು ಮಗ್ಗುಲು ಬದಲಿಸಿದರೆ ಎಚ್ಚರವಾಗಿದೆಯೆಂದು ತಿಳಿದು ಕೇಳಿದೆ. ಎಲ್ಲಕ್ಕೂ “ಏನೂ ಬೇಡ ಅತ್ತೆ” ಎಂಬುದೊಂದೇ ಉತ್ತರ.

ಹೀಗಿರಲಾಗಿ ಒಂದು ಭಾನುವಾರ, ಮೊಬೈಲು ನೋಡುತ್ತ ಕುಳಿತಿದ್ದ ಜೀವಿತಾಳ ಬಾಯಿಂದ ತಾವು ತಮ್ಮ ಆದೇಶವನ್ನು ಹೊರಡಿಸಿದಿರಿ. ತಲೆಯೆತ್ತದೆ ಅವಳು, “ಚೀಸ್ ಗಾರ್ಲಿಕ್ ಬ್ರೆಡ್ ತಿನ್ನಬೇಕು ಅನ್ಸುತ್ತೆ ಅತ್ತೆ,” ಎಂದಳು. ಒಂದು ಕ್ಷಣ ಬಿಟ್ಟು, “ಅಂಗಡೀದಲ್ಲ, ಮನೇಲಿ ಮಾಡಿದ್ದು,” ಎಂದು ಸೇರಿಸಿದಳು.

ಮಾನ್ಯರೇ, ನಾನು ಇದುವರೆಗೆ ಬಹಳ ಆದೇಶಗಳನ್ನು ಪಾಲಿಸಿದ್ದೇನೆ. ಮುನ್ನೂರು ಜನ ಗಣಾರಾಧನೆಗೆ ಬರುತ್ತಾರೆಂದು ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದೊಳಗೆ ಪಾಯಸ ಕುದಿಸಿದವಳು. ಆದರೆ ಈ ತಿಂಡಿಯ ಹೆಸರಿನಲ್ಲಿದ್ದ ಮೂರು ಪದಾರ್ಥಗಳ ಪೈಕಿ ನಮ್ಮ ಮನೆಯಲ್ಲಿದ್ದದ್ದು ಬೆಳ್ಳುಳ್ಳಿಯೊಂದೇ. ತಮ್ಮ ತಾತ, “ಅದು ತಿಂಡಿಯೋ ಔಷಧಿಯೋ?” ಎಂದರು. ತಮ್ಮ ಅಪ್ಪ ಜ್ಞಾನೇಶ, ಬಯಕೆ ಗಿಯಕೆ ಎಲ್ಲ ಮೂಢನಂಬಿಕೆ ಎಂದು ಭಾಷಣ ಮಾಡಿದ. ಭಾಷಣದ ನಡುವೆಯೇ ಚಪ್ಪಲಿ ಹುಡುಕುತ್ತಿದ್ದ. ಮುಗಿಯುವ ಹೊತ್ತಿಗೆ ಮೋಟಾರು ಬೈಕು ಸ್ಟಾರ್ಟ್ ಮಾಡಿ, ಒಳ್ಳೆಯ ಚೀಸು ತರುತ್ತೇನೆಂದು ತುಮಕೂರಿಗೆ ಹೊರಟೇಹೋದ.

ನಾನು ಬಸ್ ನಿಲ್ದಾಣದ ಹತ್ತಿರದ ಬೇಕರಿಗೆ ಹೋದೆ. ಅಲ್ಲಿನ ಅಣ್ಣಯ್ಯ ಒಳ್ಳೆಯ ಮನುಷ್ಯ. ಉದ್ದನೆಯ, ಸಿಹಿಯಿಲ್ಲದ ಬ್ರೆಡ್ಡು ಬೇಕು, ಬೆಳ್ಳುಳ್ಳಿ ಹಾಕಿ ಸುಡಬೇಕು ಎಂದೆ. “ಬ್ರೆಡ್ಡಿಗೆ ಬೆಳ್ಳುಳ್ಳಿಯಾ? ಅಮ್ಮ, ಮನೇಲಿ ಎಲ್ರೂ ಆರಾಮಾಗಿದ್ದೀರ ತಾನೆ?” ಎಂದು ವಿಚಾರಿಸಿಕೊಂಡ. ಆಮೇಲೆ ವಿಷಯ ತಿಳಿದು, ಬಸುರಿಗೆ ಎಂದ ಮೇಲೆ ಇಲ್ಲ ಎನ್ನಬಾರದೆಂದು, ಮರುದಿನಕ್ಕೆ ಸಕ್ಕರೆ ಕಡಿಮೆ ಹಾಕಿ ಉದ್ದನೆಯ ಬ್ರೆಡ್ಡೊಂದನ್ನು ಬೇರೆಯಾಗಿಯೇ ಸುಟ್ಟುಕೊಟ್ಟ. ಅದರ ಮೇಲೆ ಅಭ್ಯಾಸಬಲದಿಂದ ಒಂದು ಚೆರ್ರಿ ಹಣ್ಣು ಅಂಟಿಸಿದ್ದನ್ನು ನಾನು ಮನೆಗೆ ಬಂದು ಕಿತ್ತೆ.

ಇನ್ನು ವಿಧಾನ. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು, ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಒಂದು ತೊಟ್ಟೂ ಬೆವರದೆ ಅಡುಗೆ ಮಾಡುವವರು, “ಮನೆಯಲ್ಲೇ ಇರುವ ಸಾಮಗ್ರಿಗಳಿಂದ” ಎಂದು ಶುರುಮಾಡಿದರು. ಅವರ ಮನೆಯಲ್ಲಿ ಇರುವುದೆಲ್ಲ ನಮ್ಮ ಮನೆಯಲ್ಲಿ ಇರಲಿಲ್ಲ, ನಮ್ಮ ಮನೆಯಲ್ಲಿ ಇರುವುದು ಅವರಿಗೆ ಬೇಕಿರಲಿಲ್ಲ. ಬೆಣ್ಣೆ ಇತ್ತು, ಕಡೆದದ್ದು. ಅವರು ಹೇಳಿದ ಯಾವುದೋ ಸೊಪ್ಪಿನ ಬದಲು ಕೊತ್ತಂಬರಿ ಇತ್ತು. ಒರಿಗಾನೊ ಎಂಬ ಒಣಸೊಪ್ಪಿನ ಪುಡಿ ಎಲ್ಲಿ ಸಿಗುತ್ತದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಜ್ಞಾನೇಶನ ಮೇಜಿನ ಖಾನೆಯಲ್ಲಿ, ಯಾವ ಯಾವ ಕಾಲದಲ್ಲೋ ಪಿಜ್ಜಾ ತಿಂದು ಜೇಬಿಗೆ ಹಾಕಿಕೊಂಡು ಬಂದಿದ್ದ, ಅದರದೇ ಸಣ್ಣ ಸಣ್ಣ ಪೊಟ್ಟಣಗಳ ಒಂದು ರಾಶಿಯೇ ಸಿಕ್ಕಿತು. ಕೊಬ್ಬರಿ ವ್ಯಾಪಾರಿಯ ಮಗ, ದಾಸ್ತಾನು ಮಾಡುವ ಬುದ್ಧಿ ಎಲ್ಲಿ ಹೋಗುತ್ತದೆ? ಮರುದಿನ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬೆಳಗಿನ ಪೂಜೆಯಲ್ಲಿ, ಇದು ನನ್ನ ನಾಲಿಗೆಗಲ್ಲ ತಂದೆ, ಬೇಕಾದರೆ ಹೊಟ್ಟೆಯಲ್ಲಿರುವವರನ್ನೇ ವಿಚಾರಿಸಿಕೋ ಎಂದು ತಮ್ಮ ಹೆಸರು ಹೇಳಿ ಸುಲಿಯಲು ಕೂತೆ. ಆ ಲೆಕ್ಕವನ್ನು ತಾವು ಶಿವನ ಹತ್ತಿರ ಬಗೆಹರಿಸಿಕೊಳ್ಳತಕ್ಕದ್ದು.

ಈಗ ಚೀಸಿನ ವಿಷಯಕ್ಕೆ ಬರುತ್ತೇನೆ. ಜ್ಞಾನೇಶ ತುಮಕೂರಿನಿಂದ ಮೊಝರೆಲ್ಲ ಎಂಬ ಚೀಸನ್ನು ತುರಿದ ರೂಪದಲ್ಲೇ ಪ್ಯಾಕೆಟ್ಟು ಮಾಡಿದ್ದನ್ನು ಐಸಿನಲ್ಲಿಟ್ಟು ತಂದು, ಭದ್ರವಾಗಿ ಫ್ರಿಜ್ಜಿನಲ್ಲಿಟ್ಟ. ಸೋಮವಾರ ಬೆಳಿಗ್ಗೆ ನಾನು ಬ್ರೆಡ್ಡು ತರಲು ಹೋಗಿದ್ದಾಗ ತಮ್ಮ ತಾತ ಮಜ್ಜಿಗೆಗೆಂದು ಫ್ರಿಜ್ಜು ತೆಗೆದರು. ಬೆಳ್ಳಗೆ, ಎಳೆ ಎಳೆಯಾಗಿ ಒಂದು ತುರಿ ಕಂಡಿತು. ಊರಿಗೇ ಹೆಸರಾದ ಕೊಬ್ಬರಿ ಪಾರಖಿ ಅವರು, ಕತ್ತಲಲ್ಲಿ ಕೈಗೆ ಕೊಟ್ಟರೂ ಮಾಲು ಯಾವ ಹೋಬಳಿಯದೆಂದು ಹೇಳುವವರು. ಪ್ಯಾಕೆಟ್ಟು ಕತ್ತರಿಸಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹಿಸುಕಿ, ಮೂಸಿ ನೋಡಿ, ತುರಿಗೆ ತೇವ ಹೊಡೆದಿದೆ, ಹೀಗೇ ಬಿಟ್ಟರೆ ಸಂಜೆಯೊಳಗೆ ಬೂಷ್ಟು ಹಿಡಿಯುತ್ತದೆ ಎಂದು ತೀರ್ಪು ಕೊಟ್ಟುಕೊಂಡರು. ಒದ್ದೆ ಮಾಲಿಗೆ ನಮ್ಮ ವೃತ್ತಿಯಲ್ಲಿರುವ ಮದ್ದು ಒಂದೇ. ಒಗೆದಿಟ್ಟಿದ್ದ ಬಿಳಿ ಪಂಚೆಯೊಂದನ್ನು ತಾರಸಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆಯಿಟ್ಟು, ತುರಿಯನ್ನು ಕೈಯಾಡಿಸಿ ತೆಳ್ಳಗೆ ಹರವಿ, ಕಾಗೆ ಓಡಿಸಲು ಒಂದು ಕೋಲು ಹಿಡಿದು ನೆರಳಿನಲ್ಲಿ ಕೂತರು. ಏಪ್ರಿಲ್ ತಿಂಗಳ ಬಿಸಿಲು. ನಾನು ಬಂದಾಗ, “ನಿನ್ನ ಚೀಸು ಕೆಡ್ತಿತ್ತು ಕಣೇ, ನಾನು ನೋಡ್ದೇ ಹೋಗಿದ್ರೆ ಅಷ್ಟೂ ಹಾಳಾಗ್ತಿತ್ತು,” ಎಂದು ಮೆಟ್ಟಿಲ ಮೇಲಿನಿಂದಲೇ ಸನ್ಮಾನ ನಿರೀಕ್ಷಿಸುವವರ ಹಾಗೆ ಹೇಳಿದರು.

ಓಡಿಹೋಗಿ ಪಂಚೆಯನ್ನು ಎತ್ತಿದೆ. ಚೀಸು ಇರಲಿಲ್ಲ, ಪಂಚೆಯೇ ಚೀಸಾಗಿತ್ತು. ಅವರೊಂದು ಅಂಚು ಹಿಡಿದು, ನಾನೊಂದು ಅಂಚು ಹಿಡಿದು ಮಡಿಕೆ ಬಿಡಿಸಲು ಎಳೆದರೆ ನಡುವೆ ಬಿಳಿಯ ಎಳೆಗಳು ನೂಲಿನ ಹಾಗೆ ಉದ್ದುದ್ದ ಬಂದವು. ಆ ಹೆಣ್ಣುಮಗಳು ವಿಡಿಯೋದಲ್ಲಿ ಕಣ್ಣು ಮುಚ್ಚಿಕೊಂಡು ವರ್ಣಿಸಿದ ಆ ಎಳೆ ಎಳೆಯಾಗಿ ಬರುವ ಸೊಗಸನ್ನು ನಾನು ಈ ಜನ್ಮದಲ್ಲಿ ಮೊದಲ ಬಾರಿ ಕಂಡದ್ದು ನನ್ನ ಗಂಡನ ಪಂಚೆಯಲ್ಲಿ. ಮುಂದೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆಯನ್ನು ತಮ್ಮ ಎಳೆಯ ಕಿವಿಗೆ ಹಾಕುವುದು ತರವಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಆ ಕ್ಷಣ ನೆನಪಾಗಿ, ಬಡವಾಗುತ್ತಿದ್ದದ್ದು ಕೂಸಲ್ಲ, ಕೂಸಿನ ತಾಯಿ ಎಂಬುದೂ ಹೊಳೆದು, ಬಾಯಿ ಮುಚ್ಚಿಕೊಂಡೆ. ಜ್ಞಾನೇಶ ಮತ್ತೆ ಬೈಕು ಹತ್ತಿದ. ಆ ಸಲದ ಪ್ಯಾಕೆಟ್ಟಿನ ಮೇಲೆ ‘ಅಪ್ಪ ಮುಟ್ಟಬಾರದು’ ಎಂದು ಚೀಟಿ ಅಂಟಿಸಿದ.

ಮರುದಿನ ಮತ್ತೆ ಹೂಡಿದೆ. ಓವನ್ನು ನಮ್ಮಲ್ಲಿಲ್ಲ. ಗ್ಯಾಸಿನ ಮೇಲೆ ಕಾವಲಿಯಿಟ್ಟು ಮಾಡಬಹುದೆಂದು ವಿಡಿಯೋದವರು ದೊಡ್ಡ ಮನಸ್ಸು ಮಾಡಿ ಹೇಳಿದ್ದರು. ಆದರೆ ಜೀವಿತಾಳ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ, ಬೆಳ್ಳುಳ್ಳಿ ಬೆಣ್ಣೆಯಲ್ಲಿ ಕಾಯುವ ವಾಸನೆ ಹೊಡೆದರೆ ತಿನ್ನುವ ಮೊದಲೇ ಮುಗಿಯುತ್ತಿತ್ತು. ಹಾಗಾಗಿ ಸಕಲ ಸರಂಜಾಮಿನೊಂದಿಗೆ ಹಿತ್ತಿಲ ಬಚ್ಚಲುಮನೆಗೆ ಹೋದೆ. ಹಂಡೆಯನ್ನು ಇಳಿಸಿ, ಒಲೆಗೆ ತೆಂಗಿನ ಕರಟ ತುಂಬಿ ಕೆಂಡ ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಬ್ರೆಡ್ಡನ್ನಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದೆ. ಮೇಲೆ ಕೆಂಡ ಕೆಳಗೆ ಕೆಂಡ ಇಟ್ಟು ಬೇಯಿಸುವುದನ್ನು ಬಿಳಿಗೆರೆಯ ನನ್ನ ತವರಿನಲ್ಲಿ ನೋಡಿದ್ದೆ. ಆದರೆ ಅಲ್ಲಿ ಸೌದೆಯ ಕೆಂಡ. ಕರಟದ ಕೆಂಡಕ್ಕೆ ದಾಕ್ಷಿಣ್ಯವೆಂಬುದೇ ಇಲ್ಲ. ಮುಚ್ಚಳ ತೆಗೆಯುವಷ್ಟರಲ್ಲಿ ಅಣ್ಣಯ್ಯನ ಅರ್ಧ ಬ್ರೆಡ್ಡು ಇದ್ದಿಲಾಗಿತ್ತು. ನಿಂಗಮ್ಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಹಲ್ಲುಜ್ಜಕೆ ಆಯ್ತದೆ ಬುಡ್ರವ್ವ,” ಎಂದು ಸಮಾಧಾನ ಹೇಳಿದಳು. ತಮ್ಮ ತಾತ ಬಚ್ಚಲ ಬಾಗಿಲಲ್ಲಿ ಇಣುಕಿ, “ಒಂಚೂರು ಕೊಬ್ಬರಿ ತುರಿ ಉದುರಿಸೇ, ನಮ್ಮನೇದು ಅಂತ ಗೊತ್ತಾಗ್ಬೇಕಲ್ಲ,” ಎಂದರು. ನಾನು ಇಕ್ಕಳ ಎತ್ತಿದ್ದನ್ನು ನೋಡಿ ಮಂಡಿಯಲ್ಲಿ ಕೆಲಸವಿದೆಯೆಂದು ಹೊರಟರು.

ಉಳಿದರ್ಧಕ್ಕೆ ಮೇಲಿನ ಕೆಂಡದ ಮೇಲೆ ಬೂದಿ ಮುಚ್ಚಿ ಶಾಖ ತಗ್ಗಿಸಿದೆ. ಕೈಯನ್ನು ಮುಚ್ಚಳದ ಮೇಲೆ ಹಿಡಿದು ಹಿಡಿದು ನೋಡಿದೆ. ತೆಗೆದಾಗ ಬೆಣ್ಣೆ ಬ್ರೆಡ್ಡಿನೊಳಕ್ಕೆ ಇಳಿದು, ಅಂಚು ಗರಿಗರಿಯಾಗಿ, ಚೀಸು ಮೇಲೆ ಹೊಂಬಣ್ಣಕ್ಕೆ ಬಂದು ಸಣ್ಣಗೆ ಗುಳ್ಳೆಯೇಳುತ್ತಿತ್ತು. ಅದು ಪಂಚೆಗೂ ಅಂಟಿರಲಿಲ್ಲ, ಪಾತ್ರೆಗೂ ಅಂಟಿರಲಿಲ್ಲ. ನನಗೆ ನಿಜವಾಗಿ ಹೆಮ್ಮೆಯಾಯಿತು, ಅದನ್ನು ಬಚ್ಚಿಡುವುದಿಲ್ಲ.

ತಟ್ಟೆಯನ್ನು ಜೀವಿತಾಳ ಮುಂದಿಟ್ಟಾಗ ಅವಳು ಅದನ್ನೂ ನನ್ನನ್ನೂ ಬಹಳ ಹೊತ್ತು ನೋಡಿದಳು. ನನ್ನ ಮುಖಕ್ಕೆ ಮಸಿಯಾಗಿತ್ತು, ಸೆರಗಿನ ತುದಿ ಸುಟ್ಟಿತ್ತು. ಆಮೇಲೆ ಒಂದು ತುಂಡು ಮುರಿದಳು. ಜ್ಞಾನೇಶ ಬಾಗಿಲ ಹಿಂದೆ ನಿಂತು ಫೋನು ನೋಡುವ ನಾಟಕ ಮಾಡುತ್ತಿದ್ದ. ತೋಂಟದಾರ್ಯನವರು ಕೆಲಸವಿಲ್ಲದ ಮಂಡಿಯಿಂದ ವಾಪಸು ಬಂದು ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು. ಒಂದು ತುಂಡು ಒಳಗೆ ಹೋಯಿತು. ಎಲ್ಲರೂ ಬಚ್ಚಲ ದಾರಿ ಬಿಟ್ಟು ನಿಂತೆವು. ಅವಳು ಓಡಲಿಲ್ಲ. ಎರಡನೆಯ ತುಂಡು ಹೋಯಿತು. ಮೂರನೆಯದಕ್ಕೆ ಕೈ ಚಾಚಿದಳು. ಅಂದು ಸಂಜೆ ತಿಳಿಸಾರು ಅನ್ನವನ್ನೂ ಒಂದಿಷ್ಟು ಉಂಡಳು, ಅದೂ ನಿಂತಿತು. ಮುಂದಿನ ವಾರ ಡಾಕ್ಟರಮ್ಮ ತೂಕ ನೋಡಿ ಡ್ರಿಪ್ಪಿನ ಮಾತೆತ್ತಲಿಲ್ಲ. ಅವರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ನಾನು ಸ್ವಲ್ಪ ಅತ್ತೆ. ಕಣ್ಣಿಗೆ ಕಸ ಬಿತ್ತೆಂದು ಜ್ಞಾನೇಶನಿಗೆ ಹೇಳಿದ್ದೇನೆ, ತಾವೂ ಹಾಗೇ ತಿಳಿಯತಕ್ಕದ್ದು.

ತಟ್ಟೆಯಲ್ಲಿ ಉಳಿದಿದ್ದ ಒಂದು ಚೂರನ್ನು ನಾನೂ ಬಾಯಿಗೆ ಹಾಕಿಕೊಂಡಿದ್ದೆ. ಮಾನ್ಯರೇ, ಇದಕ್ಕೇನಾ? ಉಪ್ಪು ಹಾಕಿದ ರಬ್ಬರು. ಇದಕ್ಕಾಗಿ ಎರಡು ಸಲ ತುಮಕೂರು, ಒಂದು ಸಲ ಸೋಮವಾರದ ನೇಮ, ಒಂದು ಒಳ್ಳೆಯ ಪಂಚೆ! ಆದ್ದರಿಂದ ತಮ್ಮಲ್ಲಿ ನಮ್ಮ ವಿನಮ್ರ ಕೋರಿಕೆ ಏನೆಂದರೆ, ಇನ್ನು ಮುಂದಿನ ಬಯಕೆಗಳನ್ನು ತಾವು ದಯವಿಟ್ಟು ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ ದಾಟದಂತೆ ಇಟ್ಟುಕೊಳ್ಳಬೇಕು. ಬಯಸುವ ಪದಾರ್ಥವು ನಮ್ಮ ಸಂತೆಯಲ್ಲಿ ಸಿಗುವಂಥದ್ದೂ, ನನ್ನ ನಾಲಿಗೆಯಲ್ಲಿ ತಿರುಗುವಂಥದ್ದೂ ಆಗಿರಬೇಕು. ಹುಳಿ ಬೇಕಾದರೆ ಎಡಕ್ಕೆ, ಸಿಹಿ ಬೇಕಾದರೆ ಬಲಕ್ಕೆ ಒದ್ದು ಮುಂಚಿತವಾಗಿ ಸೂಚನೆ ಕೊಡಬೇಕು. ಖಾರ ಬೇಕಾದರೆ ಒದೆಯುವುದೇ ಬೇಡ, ಅದು ಈ ಮನೆಯಲ್ಲಿ ಸದಾ ಇದ್ದದ್ದೇ. ಮತ್ತು ತಾವು ಹುಟ್ಟುವವರೆಗೆ ತಮ್ಮ ತಾತನವರು ಯಾವ ಬಿಳಿ ಪದಾರ್ಥವನ್ನೂ ಪರೀಕ್ಷಿಸದಂತೆ ಒಳಗಿನಿಂದಲೇ ಒಂದು ತಡೆಯಾಜ್ಞೆ ಹೊರಡಿಸಬೇಕು.

ಇಲ್ಲಿಯವರೆಗಿನದು ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ, ಕಾಫಿಯಾದ ಮೇಲೆ, ಹೇಳಿದ ಮಾತಿನಂತೆ ಇದನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದಿದೆ. ಪಂಚೆಯ ಭಾಗಕ್ಕೆ ಬಂದಾಗ ಜೀವಿತಾ ಬಿದ್ದು ಬಿದ್ದು ನಕ್ಕಳು. ಈ ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಡಾಕ್ಟರಮ್ಮನ ಮೆಟ್ಟಿಲಿಗೆ ಬಂದಾಗ ನಗು ನಿಂತಿತು. ಕೋರಿಕೆಗಳನ್ನು ಓದಿ ಮುಗಿಸುವ ಹೊತ್ತಿಗೆ ಅವಳು ಅಳುತ್ತಿದ್ದಳು.

“ಮಗೂನ ಬಯ್ಯಬೇಡಿ ಅತ್ತೆ, ಅದ್ರದ್ದೇನೂ ತಪ್ಪಿಲ್ಲ,” ಎಂದಳು. “ನಂಗೆ ಆವತ್ತು ಯಾವ ಬಯಕೇನೂ ಇರ್ಲಿಲ್ಲ. ನೀವು ಏನ್ ತಿಂತೀಯ ಏನ್ ತಿಂತೀಯ ಅಂತ ಕೇಳಿ ಕೇಳಿ ತಲೆ ಕೆಟ್ಟೋಗಿತ್ತು. ಬೇಡ ಅಂದ್ರೂ ಬಿಡ್ತಿರ್ಲಿಲ್ಲ. ನಿಮ್ಮ ಕೈಲಿ ಮಾಡಕ್ಕೇ ಆಗದೇ ಇರೋದನ್ನ ಹೇಳಿದ್ರೆ ಸುಮ್ನಾಗ್ತೀರ ಅಂದ್ಕೊಂಡು ಹೇಳ್ದೆ. ಅದಕ್ಕೇ ಮನೇಲಿ ಮಾಡಿದ್ದೇ ಬೇಕು ಅಂದೆ. ನೀವು ಮಾಡ್ಕೊಂಡು ಬಂದೇಬಿಟ್ರಿ. ಮುಖ ಎಲ್ಲ ಮಸಿ ಮಾಡ್ಕೊಂಡು ನಿಂತಿದ್ರಿ. ಅದನ್ನ ನೋಡಿ ಹೆಂಗೆ ವಾಂತಿ ಮಾಡ್ಕೊಳ್ಳಲಿ ಅತ್ತೆ?”

ಮಾನ್ಯರೇ, ಮೊದಲು ನನಗೆ ಬಂದದ್ದು ಕೋಪವೇ. ನನ್ನ ಬಾಯಿ ಮುಚ್ಚಿಸಲು ಹುಡುಕಿದ ಉಪಾಯ, ನಾನು ಅದಕ್ಕೆ ಕರಟದ ಬೆಂಕಿಯಲ್ಲಿ ಸೆರಗು ಸುಟ್ಟುಕೊಂಡೆ. ಏನೋ ಬಿರುಸಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೂಗೊರೆಸಿಕೊಂಡು, “ಇವರು ಹೊಟ್ಟೇಲಿದ್ದಾಗ ನಿಮ್ಗೆ ಏನ್ ತಿನ್ನಬೇಕು ಅನ್ಸಿತ್ತು ಅತ್ತೆ?” ಎಂದು ಕೇಳಿದಳು.

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅತ್ತೆ ಕೇಳಲಿಲ್ಲ. ತೋಂಟದಾರ್ಯನವರಿಗೆ ಇಂಥದ್ದನ್ನು ಕೇಳಬೇಕೆಂದೇ ತಿಳಿದಿರಲಿಲ್ಲ. ಸೊಸೆಯನ್ನು ನಾನು ಹಗಲೆಲ್ಲ ಪೀಡಿಸಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

ಉಂಡೆ ಕೊಬ್ಬರಿ ಎಂದೆ. ತುರಿದದ್ದಲ್ಲ, ಹೆಚ್ಚಿದ್ದಲ್ಲ, ಚೆನ್ನಾಗಿ ಒಣಗಿ ಪಾಕಕ್ಕೆ ಬಂದ ಒಂದು ಒಳ್ಳೆಯ ಕೊಬ್ಬರಿಯನ್ನು ಒಡೆದು, ಕಚ್ಚಿ ಕಚ್ಚಿ ಬೆಲ್ಲದ ಜೊತೆ ತಿನ್ನಬೇಕೆಂದು ಜೀವ ಬಿಡುತ್ತಿದ್ದೆ. ನಾನು ಮಲಗುತ್ತಿದ್ದ ಕೋಣೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಯಾಗಲು ಒಣಗುತ್ತಿದ್ದ ಕಾಯಿ. ಆದರೆ ಕೊಬ್ಬರಿಯವರ ಮನೆಯಲ್ಲಿ ಒಳ್ಳೆಯದೆಲ್ಲ ಮಾಲು, ಅದು ಮಾರುಕಟ್ಟೆಗೆ. ಒಡೆದದ್ದು, ಕೌಟು ಹಿಡಿದದ್ದು, ಹುಳ ಮುಟ್ಟಿದ್ದು ಅಡುಗೆಮನೆಗೆ. ನನ್ನ ಅತ್ತೆಯ ಕಾಲದ ಕಟ್ಟಳೆ ಅದು. ಅವರು ಹೋದ ಮೇಲೂ ಅದನ್ನು ನಾನೇ ನಡೆಸಿಕೊಂಡು ಬಂದೆ. ಇಡೀ ಒಂದು ಒಳ್ಳೆಯ ಕೊಬ್ಬರಿಯನ್ನು ಈ ಮನೆಯಲ್ಲಿ ನಾನು ಇವತ್ತಿನವರೆಗೂ ತಿಂದಿರಲಿಲ್ಲ.

ಜೀವಿತಾ ಎದ್ದಳು. ಮರುದಿನದ ಮಾರುಕಟ್ಟೆಗೆಂದು ನಡುಮನೆಯ ಮೂಲೆಯಲ್ಲಿ ಕೊಬ್ಬರಿ ರಾಶಿ ಹಾಕಿತ್ತು. ಅದರ ಮುಂದೆ ಕೂತು, ಒಂದೊಂದನ್ನೇ ಎತ್ತಿ, ತಿರುಗಿಸಿ, ಬೇಡವೆಂದು ಬದಿಗಿಟ್ಟು, ಕೊನೆಗೆ ರಾಶಿಯಲ್ಲೆಲ್ಲ ದೊಡ್ಡದಾದ, ಒಂದು ಕಲೆಯಿಲ್ಲದ ಉಂಡೆಯನ್ನು ಆರಿಸಿದಳು. ಪೇಪರಿನ ಹಿಂದಿನಿಂದ ತೋಂಟದಾರ್ಯನವರು ಗಾಬರಿಯಾಗಿ, “ಅದು ಮಾಲು ಕಣಮ್ಮ!” ಎಂದರು.

“ಗೊತ್ತು ಮಾವ,” ಎಂದು ಅವಳು ಅದನ್ನು ಒರಳುಕಲ್ಲಿನ ಮೇಲೆ ಒಂದೇ ಏಟಿಗೆ ಒಡೆದಳು. ಒಂದು ಹೋಳನ್ನು ನನ್ನ ಕೈಗಿಟ್ಟಳು. ಇನ್ನೊಂದನ್ನು ಯಾರೂ ಕೇಳದೆ, ಯಾರೂ ಹೇಳದೆ, ತಾನೇ ಕಚ್ಚಿದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ನನಗೆ ದವಡೆಯ ಹಲ್ಲು ಕೆಲವು ಹೋಗಿವೆ, ಉಳಿದವು ಸಾಕಾದವು. ತೋಂಟದಾರ್ಯನವರು ಪೇಪರು ಕೆಳಗಿಟ್ಟು, “ಒಂದು ಮಾತು ಹೇಳ್ಬಾರ್ದಿತ್ತೇನೇ?” ಎಂದರು. ನನ್ನ ಬಾಯಿ ತುಂಬಿತ್ತು. ಜೀವಿತಾ ಅಗಿಯುತ್ತಲೇ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಸದ್ದು ಮಾಡುತ್ತ ತೆರೆದು ತೆರೆದು ನೋಡಿ, “ಬೆಲ್ಲ ಎಲ್ಲಿಟ್ಟಿದ್ದೀರ ಅತ್ತೆ? ನಂಗೂ ಬೇಕು,” ಎಂದು ಅಲ್ಲಿಂದಲೇ ಕೂಗಿದಳು.

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ, ತಮ್ಮ ಮೇಲೆ ಹೊರಿಸಿದ್ದ ಆರೋಪಗಳನ್ನೆಲ್ಲ ಬೇಷರತ್ತಾಗಿ ಹಿಂದಕ್ಕೆ ಪಡೆದಿದ್ದೇನೆಂದು ತಿಳಿಸಲು ವಿಷಾದಿಸುತ್ತೇನೆ. ತಪ್ಪಿತಸ್ಥರು ತಮ್ಮ ತಾಯಿ. ಅವರನ್ನು ವಿಚಾರಣೆಗೆ ಒಳಪಡಿಸುವ ಧೈರ್ಯ ಸದ್ಯಕ್ಕೆ ನನಗಿಲ್ಲ. ಅವರು ತಿನ್ನುತ್ತಿದ್ದಾರೆ.

ಬಾಯಲ್ಲಿ ಕೊಬ್ಬರಿ ಇನ್ನೂ ಇರುವಾಗಲೇ ರುಜು ಹಾಕುತ್ತಿರುವ,
ತಮ್ಮ ವಿಶ್ವಾಸಿ,
ಗಿರಿಜಾಂಬಿಕಾ

ಮರೆತ ಮಾತು: ತಾವು ಹೊರಗೆ ಬಂದ ಮೇಲೆ ಏನು ತಿನ್ನುತ್ತೀರಿ ಎಂದು ನಾನು ಖಂಡಿತವಾಗಿಯೂ ಕೇಳುವುದಿಲ್ಲ. ಆ ಪಾಠ ಕಲಿತಿದ್ದೇನೆ. ತಮಗೆ ರಾಗಿ ಸರಿ. ಚೀಸು ಹಾಕುವುದಿಲ್ಲ.